ಮಾಂಸದ ಮೇಲೆ ಬಿಟ್ಟುಬಂದ ಅಂಗಿ

ವಿಲೋ ಬೆಂಡ್, ಯೂಕಾನ್ ನದಿಯ ದಂಡೆ
ಮಾರ್ಚ್ ೨೪, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ತಮ್ಮ ಕ್ಲೆಮೆಂಟ್,

ನಿನ್ನ ಬೆನ್ನು ಹೇಗಿದೆ? ವಿಮಾನಕ್ಕೆ ಸರಕು ತುಂಬುವಾಗ ಮೊಣಕಾಲು ಮಡಿಸು, ಬೆನ್ನು ಬಗ್ಗಿಸಬೇಡ ಎಂದು ಕ್ರಿಸ್‌ಮಸ್ಸಿಗೆ ಬಂದಾಗಲೇ ಹೇಳಿದ್ದೆ. ನೀನು ಕೇಳಿರುವುದಿಲ್ಲ, ಬಿಡು. ನಿನ್ನ ರೊಸಾಲಿಗೆ ರಾತ್ರಿಯ ಕೆಮ್ಮು ನಿಂತಿತೇ? ಕಳಿಸಿದ ಒಣಮೀನನ್ನು ಮಕ್ಕಳು ತಿಂದರೋ, ಇಲ್ಲ ಆಂಕರೇಜಿನ ಪೇಟೆಯವರಾಗಿ ಮೂಗು ಮುಚ್ಚಿಕೊಂಡರೋ? ಇಲ್ಲಿ ಮ್ಯಾಡಲಿನ್ ಚಿಕ್ಕಮ್ಮ ಗುಂಡುಕಲ್ಲಿನ ಹಾಗೆ ಇದ್ದಾಳೆ. ಎಂಬತ್ತೊಂದಾದರೂ ಸೌದೆ ಅವಳೇ ಒಡೆಯಬೇಕು, ನಾನು ಒಡೆದರೆ ಒಲೆಗೆ ಹಿಡಿಸುವುದಿಲ್ಲವಂತೆ. ನದಿಯ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿದೆ. ನಾನೂ ಚೆನ್ನಾಗಿದ್ದೇನೆ, ಎಡಗೈ ಕಿರುಬೆರಳಿನ ತುದಿಯೊಂದು ಬಿಟ್ಟು. ಅದು ಚಳಿಗೆ ಕಪ್ಪಗಾಗಿದೆ. ಉಳಿಯಬಹುದು ಎಂದು ನರ್ಸ್ ಹೇಳಿದ್ದಾಳೆ. ಬೆರಳಿನ ಸುದ್ದಿ ಅಷ್ಟೇ.

ನಾಯಿಬಂಡಿ ಪಂದ್ಯದ ಸುದ್ದಿಯನ್ನು ನೀನು ರೇಡಿಯೋದಲ್ಲಿ ಕೇಳಿರುತ್ತೀಯ. ವಿಲೋ ಬೆಂಡಿನ ಅಲ್ಬರ್ಟಾ ಹಿಂದೆ ಸರಿದಿದ್ದಾರೆ ಎಂದರಂತೆ. ನಾನು ಸರಿಯಲಿಲ್ಲ ಕ್ಲೆಮೆಂಟ್, ನನ್ನನ್ನು ಸರಿಸಿದರು. ಐವತ್ತನಾಲ್ಕು ವರ್ಷದಲ್ಲಿ ನಾನು ಹಿಂದೆ ಸರಿದದ್ದು ಒಂದೇ ಸಲ, ಅದೂ ಆ ಮರದ ವ್ಯಾಪಾರಿಯ ಮಗನ ಮದುವೆ ಮಾತಿನಿಂದ. ಅದಕ್ಕೆ ಇಡೀ ಊರು ನನ್ನನ್ನು ಹೊಗಳಿತ್ತು. ಈಗ ಊರಿನ ಅಂಗಡಿಯಲ್ಲಿ ಸಿಕ್ಕಿದವರೆಲ್ಲ ತೋಳು ತಟ್ಟಿ, ವಯಸ್ಸಾಯ್ತಲ್ಲಾ, ಇಷ್ಟು ದೂರ ಹೋಗಿದ್ದೇ ದೊಡ್ಡದು ಅನ್ನುತ್ತಾರೆ. ಗಾಯದ ಮೇಲೆ ಬರೆ ಎಳೆಯುವುದಕ್ಕೆ ಕರುಣೆಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ನಮ್ಮಿಬ್ಬರ ನಡುವಿನ ಮಾತು ನನಗೆ ನೆನಪಿದೆ. ಅಪ್ಪ ಬಿಟ್ಟುಹೋದ ನಾಯಿಗಳು ನಮ್ಮಿಬ್ಬರಿಗೂ ಸೇರಿದವು. ಅವನ್ನು ಪ್ರವಾಸಿಗರನ್ನು ಕೂರಿಸಿ ಸುತ್ತಿಸುವ ಆ ಕಂಪನಿಗೆ ಕೊಟ್ಟುಬಿಡೋಣ ಎಂದು ನೀನು ಹೇಳಿದೆ, ಕೊಡುವುದಿಲ್ಲ ಎಂದು ನಾನು ಹೇಳಿದೆ. ಕೊನೆಗೆ ಈ ಅಡುಗೆಮನೆಯ ಮೇಜಿನ ಮೇಲೆ, ಚಿಕ್ಕಮ್ಮನ ಎದುರಿಗೆ ಕೈಕೈ ಹಿಡಿದು ಒಪ್ಪಿಕೊಂಡೆವು. ಈ ಚಳಿಗಾಲ ನಾನು ಪರ್ವತದ ಪಂದ್ಯವನ್ನು ಕೊನೆಯವರೆಗೂ ಓಡಿಸಿದರೆ ನಾಯಿಗಳು ಉಳಿಯುತ್ತವೆ, ಇಲ್ಲವಾದರೆ ನೀನು ಹೇಳಿದಂತೆ. ಅವತ್ತು ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎಂದು ಗೊತ್ತು. "ಅಕ್ಕಾ, ನೀನು ಆ ನದಿ ಮೇಲೆ ಒಬ್ಳೇ ಇರ್ತೀಯ ಅಂತ ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ" ಎಂದಿದ್ದೆ. ಆ ಮಾತಿಗೇ ನಾನು ಕೈ ಕೊಟ್ಟದ್ದು, ನಿನ್ನ ವಾದಕ್ಕಲ್ಲ. ಆದರೆ ಏನಾಯಿತು ಎಂದು ಪೂರ್ತಿ ಕೇಳಿಸಿಕೋ. ರೇಡಿಯೋದವರಿಗೆ ಅರ್ಧ ನಿಮಿಷ ಸಾಕಾಯಿತು, ನನಗೆ ಸಾಲದು.

ನಾಲ್ಕನೆಯ ದಿನ. ಪರ್ವತದ ನೆತ್ತಿ ದಾಟಿದ್ದೆವು. ಗಾಳಿ ಹಿಂದೆ ಉಳಿದಿತ್ತು, ನಾಯಿಗಳು ಹದಿನಾಲ್ಕೂ ಗೆಲುವಾಗಿದ್ದವು, ನಾನು ಜಾರುಬಂಡಿಯ ಹಿಂದೆ ನಿಂತು ಹಾಡಿಕೊಳ್ಳುತ್ತಿದ್ದೆ ಎಂದರೆ ನೋಡು. ಇಪ್ಪತ್ತೊಂಬತ್ತು ಜನರಲ್ಲಿ ನಾನು ಹದಿನೆಂಟನೆಯವಳು. ಮಧ್ಯಾಹ್ನ ಒಂದರ ಹೊತ್ತಿಗೆ, ಕೆಳಗಿನ ತೊರೆಯ ವಿಲೋ ಪೊದೆಗಳ ನಡುವೆ, ದಾರಿಯ ಮೇಲೆಯೇ ಒಂದು ಹೆಣ್ಣು ಮೂಸ್ ನಿಂತಿತ್ತು, ಉದ್ದ ಕಾಲಿನ ಭಾರಿ ಮೃಗ, ಭುಜವೇ ನನ್ನ ತಲೆಗಿಂತ ಎತ್ತರ. ಪಕ್ಕದಲ್ಲಿ ಎದೆಯಾಳದ ಹಿಮ; ಇಳಿದರೆ ಅದು ಹೂತುಹೋಗುತ್ತದೆ, ಅದಕ್ಕೂ ಗೊತ್ತು. ನಾನು ನಾಯಿಗಳನ್ನು ನಿಲ್ಲಿಸಿ, ಅಪ್ಪ ಮಾತಾಡಿಸುತ್ತಿದ್ದ ಹಾಗೆ ಮರ್ಯಾದೆಯಿಂದ ಮಾತಾಡಿಸಿದೆ. ದೊಡ್ಡವಳೇ, ನಾವು ದಾಟಿ ಹೋಗುವವರು, ನಿನ್ನ ಗೊಡವೆಗೆ ಬಂದವರಲ್ಲ ಎಂದೆ. ಅರ್ಧ ಗಂಟೆ ಕಾದೆ. ಅದು ಕಿವಿ ಹಿಂದಕ್ಕೆ ಮಡಿಸಿ ನೇರವಾಗಿ ನಾಯಿಗಳ ಸಾಲಿನ ಮೇಲೆಯೇ ನುಗ್ಗಿತು. ಸಾಲಿನ ಮುಂದಿದ್ದ ನಾಯಿ, ನಮ್ಮ ಬಿಷಪ್, ಅದರ ಕಾಲಡಿಗೆ ಸಿಕ್ಕ. ಇನ್ನೊಂದು ಗಳಿಗೆ ತಡೆದಿದ್ದರೆ ನಾಲ್ಕೈದು ನಾಯಿಗಳು ಹೋಗುತ್ತಿದ್ದವು. ಅಪ್ಪನ ಬಂದೂಕು ತೆಗೆದೆ.

ಗುಂಡಿಗೆ ಅದು ದಾರಿಯ ಮೇಲೆಯೇ ಬಿತ್ತು. ಬಿಷಪ್‌ನ ಎರಡು ಪಕ್ಕೆಲುಬು ಮುರಿದಿದ್ದವು. ಅವನನ್ನು ಜಾರುಬಂಡಿಯ ಚೀಲದೊಳಗೆ ಬೆಚ್ಚಗೆ ಮಲಗಿಸಿ, ಚಾಕು ಕೈಗೆ ತೆಗೆದುಕೊಂಡೆ.

ಪಂದ್ಯದ ಪುಸ್ತಕದಲ್ಲಿ ಇದಕ್ಕೂ ಒಂದು ನಿಯಮ ಇದೆ. ಪ್ರಾಣ ಉಳಿಸಿಕೊಳ್ಳಲು ಮೂಸ್ ಹೊಡೆದರೆ ಅದರ ಹೊಟ್ಟೆ ಸೀಳಿ ಕರುಳು ತೆಗೆದು, ಮುಂದಿನ ಚೆಕ್‌ಪೋಸ್ಟಿನಲ್ಲಿ ತಿಳಿಸಬೇಕು. ಅಷ್ಟು ಆಗುವವರೆಗೆ ಹಿಂದಿನಿಂದ ಬಂದವನು ದಾಟಿ ಹೋಗುವಂತಿಲ್ಲ, ಕೈ ಹಚ್ಚಬೇಕು. ಒಳ್ಳೆಯ ನಿಯಮವೇ. ಆದರೆ ಅದನ್ನು ಬರೆದವರು ಮಾಂಸವನ್ನು ಅಂಗಡಿಯಲ್ಲಿ ಮಾತ್ರ ನೋಡಿದವರು. ಕರುಳು ತೆಗೆದು ಚರ್ಮದ ಸಮೇತ ಬಿಟ್ಟುಹೋದರೆ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಒಳಗಿನ ಬಿಸಿ ಇಳಿಯದೆ ಮೂಳೆಯ ಸುತ್ತ ಹಳಸುತ್ತದೆ. ಇದು ನಮ್ಮ ನದಿಯ ಐದು ವರ್ಷದ ಮಗುವಿಗೂ ಗೊತ್ತು.

ಕರುಳು ತೆಗೆಯುತ್ತಿರುವಾಗ ಹಿಂದಿನಿಂದ ಬ್ರಾಡಿ ಬಂದ. ಎಲ್ಲಿಂದಲೋ ದಕ್ಷಿಣದಿಂದ ಬಂದು ಈ ಸಲ ಮೊದಲ ಬಾರಿಗೆ ಓಡಿಸುತ್ತಿದ್ದ ಹುಡುಗ, ಹಲ್ಲು ಬೆಳ್ಳಗೆ, ಬಟ್ಟೆ ಎಲ್ಲ ಹೊಸದು. ನಿಯಮದಂತೆ ನಿಂತ, ಮೂಸಿನ ಒಂದು ಕಾಲು ಹಿಡಿದುಕೊಂಡ, ರಕ್ತದ ಬಿಸಿ ತಾಗಿದೊಡನೆ ಅದನ್ನು ಬಿಟ್ಟು ಚಿತ್ರ ತೆಗೆಯತೊಡಗಿದ. ಕರುಳು ಹೊರಗೆ ಬಂದದ್ದೇ ತಡ, "ನಿಯಮ ಮುಗೀತಲ್ಲ ಆಂಟಿ, ಹೊರಡೋಣ್ವಾ?" ಎಂದ. ನೀನು ಹೋಗಪ್ಪಾ ಎಂದೆ. ಹೋದ. ನಾನು ಅವನನ್ನು ಬೈಯುವುದಿಲ್ಲ, ಹೋಗಲು ಅವನಿಗೆ ಹಕ್ಕಿತ್ತು.

ನಾನು ಇನ್ನೂ ನಾಲ್ಕು ಗಂಟೆ ನಿಂತೆ. ಚರ್ಮ ಸುಲಿದೆ, ಅಮ್ಮ ಕಲಿಸಿದ ಹಾಗೆ ಕೀಲಿಗೆ ಸರಿಯಾಗಿ ಕಾಲುಗಳನ್ನು ಬಿಡಿಸಿದೆ, ಕೊಂಬೆಗಳ ಹಾಸಿನ ಮೇಲೆ ಗಾಳಿಯಾಡುವಂತೆ ಒಂದೊಂದನ್ನೇ ಇಟ್ಟೆ, ಮೇಲೆ ಚರ್ಮ ಹೊದಿಸಿದೆ. ಕೊನೆಗೆ ಕಾಗೆ ತೋಳಗಳು ಹತ್ತಿರ ಬರದಂತೆ ಮನುಷ್ಯರ ವಾಸನೆ ಬೇಕಲ್ಲ? ಮೈಮೇಲಿದ್ದದ್ದರಲ್ಲಿ ಬಿಚ್ಚಿದರೆ ಸಾಯದ ಬಟ್ಟೆ ಒಂದೇ, ಪಂದ್ಯದವರು ಕೊಟ್ಟ ಇಪ್ಪತ್ತಮೂರನೇ ನಂಬರಿನ ಹೊರ ಅಂಗಿ. ನಾಲ್ಕು ದಿನದ ಬೆವರು ಅದರಲ್ಲಿತ್ತು. ಅದನ್ನು ಮಾಂಸದ ಮೇಲೆ ಹಾಸಿ, ಅಂಚಿಗೆ ಕೊಂಬೆ ಇಟ್ಟು ಹೊರಟೆ. ಬೆರಳು ಸೆಟೆದದ್ದು ಆಗಲೇ.

ಗಾಯಗೊಂಡ ನಾಯಿಯನ್ನು ಹೊತ್ತು ನಿಧಾನ ಬಂದೆ. ಸ್ಟೋನಿ ಫೋರ್ಕ್ ಊರಿನ ಚೆಕ್‌ಪೋಸ್ಟ್ ಮಾರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತದೆ, ಆಮೇಲೆ ಬಂದವರು ಪಂದ್ಯದಿಂದ ಹೊರಗೆ. ನಾನು ತಲುಪಿದಾಗ ಒಂದು ಗಂಟೆ ಹತ್ತು ನಿಮಿಷ. ಪಂದ್ಯದ ಮುಖ್ಯಸ್ಥ ಕೈಯಲ್ಲಿ ಗಡಿಯಾರ ಹಿಡಿದು ನನಗಾಗಿಯೇ ಕಾಯುತ್ತಿದ್ದ. ತಡ ಏಕೆ ಎಂದು ಹೇಳಿದೆ. ಅವನು ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. "ಮೇಡಂ, ಇಲ್ಲಿ ಕರುಳು ತೆಗೀಬೇಕು ಅಂತಷ್ಟೇ ಇದೆ. ಮಿಕ್ಕಿದ್ದು ನೀವಾಗೇ ಮಾಡಿದ್ದು." ನಾನು ಹೇಳಿದೆ, "ಹೌದಪ್ಪ, ನಾನಾಗೇ ಮಾಡಿದ್ದು. ಕೊಂದಿದ್ದೂ ನಾನೇ ಅಲ್ವಾ?" ಅವನಿಗೆ ಅದು ಉತ್ತರ ಎನಿಸಲಿಲ್ಲ. ಕಾಗದದ ಮೇಲೆ ಬರೆದುಕೊಂಡ, ತಡವಾಗಿ ಬಂದಿದ್ದಾರೆ ಎಂದು. ಅದರ ಕೆಳಗೆ ಇನ್ನೊಂದು ಸಾಲು: ನಂಬರಿನ ಅಂಗಿಯನ್ನು ಕಳೆದುಕೊಂಡಿದ್ದಾರೆ. ಕಳೆದುಕೊಂಡಿದ್ದಾರಂತೆ! ಆ ಸಾಲು ಓದಿದಾಗ ನನ್ನ ಮೈ ಉರಿದುಹೋಯಿತು. ಎಲ್ಲಿದೆ ಎಂದು ಇಂಚಿಂಚು ಹೇಳಬಲ್ಲ ವಸ್ತುವನ್ನು ಕಳೆದುಕೊಂಡದ್ದು ಎನ್ನುತ್ತಾರೆಯೇ?

ಸ್ಟೋನಿ ಫೋರ್ಕಿನ ಗಂಡಸರು ಹಿಮದ ಮೇಲೆ ಓಡುವ ಮೋಟಾರುಗಳನ್ನು ಹತ್ತಿ ಹೋಗಿ ಸಂಜೆಯೊಳಗೆ ಮಾಂಸ ತಂದರು. ಒಂದು ತುಂಡೂ ಕೆಟ್ಟಿರಲಿಲ್ಲ, ಒಂದು ಕೊಕ್ಕೂ ತಾಗಿರಲಿಲ್ಲ. ಹೋದ ವರ್ಷ ತೀರಿಕೊಂಡ ಅವರ ಹಿರಿಯಳೊಬ್ಬಳ ಹೆಸರಿನಲ್ಲಿ ಆ ವಾರವೇ ಊರೂಟ ಇತ್ತು, ಈ ಚಳಿಗಾಲ ಅವರಿಗೆ ಬೇಟೆ ಸಿಕ್ಕಿರಲಿಲ್ಲವಂತೆ. ಅಲ್ಲಿಯ ಇಸಾಯಸ್ ತಾತನಿಗೆ ಕಣ್ಣು ಮಂಜು. ತೊಡೆಯ ಕೀಲನ್ನು ಬೆರಳಿನಿಂದ ಸವರಿ ನೋಡಿ, "ಇದನ್ನ ಕುಯ್ದವಳ ತಾಯಿ ಯಾರು?" ಎಂದು ಕೇಳಿದ. ಅಮ್ಮನ ಹೆಸರು ಹೇಳಿದೆ. ತಲೆಯಾಡಿಸಿದ, ಅಷ್ಟೇ. ಕ್ಲೆಮೆಂಟ್, ಅಲ್ಲಿಯವರೆಗೆ ಅಳದವಳು ಆಗ ಅತ್ತುಬಿಟ್ಟೆ. ನನಗೆ ಸಿಕ್ಕಿದ ಬಹುಮಾನ ಅದೊಂದೇ.

ಪಂದ್ಯದವರ ಬಹುಮಾನವೂ ಒಂದಿತ್ತು. ಪಂದ್ಯದ ಕೊನೆಯ ಔತಣದಲ್ಲಿ, ದಾರಿಯಲ್ಲಿ ಅತ್ಯುತ್ತಮ ನಡತೆ ತೋರಿದವನಿಗೆಂದು ಕೊಡುವ ಟ್ರೋಫಿ ಯಾರಿಗೆ ಹೋಯಿತು ಬಲ್ಲೆಯಾ? ಬ್ರಾಡಿಗೆ. ಸಂಕಷ್ಟದಲ್ಲಿದ್ದ ಸ್ಥಳೀಯ ಮಹಿಳೆಯೊಬ್ಬರಿಗೆ ಮೂಸ್ ಕೊಯ್ಯಲು ನೆರವಾದುದಕ್ಕಾಗಿ! ಅವನು ತೆಗೆದ ಚಿತ್ರವನ್ನೂ ತೋರಿಸಿದರಂತೆ, ಅದರಲ್ಲಿ ನನ್ನ ಬೆನ್ನು ಕಾಣುತ್ತದಂತೆ. ಅವನ ಊರಿನ ಪತ್ರಿಕೆಯಲ್ಲಿ ಅದನ್ನು ದೊಡ್ಡ ಜಿಂಕೆ ಎಂದು ಬರೆದಿದ್ದಾರೆ. ಕುದುರೆಗಿಂತ ಎತ್ತರದ್ದು ಜಿಂಕೆಯಂತೆ. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವನದು. ರೇಡಿಯೋದಲ್ಲಿ ಇದು ಬರುತ್ತಿದ್ದಾಗ ಚಿಕ್ಕಮ್ಮ ಸಾರಿನ ಸೌಟಿನಿಂದಲೇ ಅದರ ಬಾಯಿ ಮುಚ್ಚಿಸಿದಳು. "ಉಂಡೋನಿಗೆ ಹೊಗಳಿಕೆ, ಬೇಯ್ಸಿದೋಳಿಗೆ ಹೊಗೆ" ಎಂದಳು. ರೇಡಿಯೋದ ಗುಂಡಿ ಈಗ ತಿರುಗುತ್ತಿಲ್ಲ.

ಇವರೆಲ್ಲರ ಮೇಲೆ ನನಗಿರುವ ಸಿಟ್ಟು ಒಂದು ವಾರದಲ್ಲಿ ಇಳಿಯುತ್ತಿತ್ತು. ಅವರು ಹೊರಗಿನವರು, ಅವರಿಗೆ ಗಡಿಯಾರವೇ ಹಿರಿಯ. ನಿನ್ನೆ ರೊಸಾಲಿ ಫೋನು ಮಾಡಿದಳು. ಪಾಪ, ದನಿ ಇಳಿಸಿಕೊಂಡು ಹೇಳಿದಳು. ಕಂಪನಿಯವನಿಗೆ ನೀನು ಮಾತು ಕೊಟ್ಟಾಯಿತಂತೆ, ಒಂದನೇ ತಾರೀಕು ವಿಮಾನದಲ್ಲಿ ಬಂದು ನಾಯಿಗಳನ್ನು ಒಯ್ಯುತ್ತಾನಂತೆ, ನಾನು ಮನೆಯಲ್ಲಿರಬೇಕಂತೆ. ನೀನು ಪಕ್ಕದಲ್ಲೇ ಇದ್ದೆ, ನಿನ್ನ ಕೆಮ್ಮು ನನಗೆ ಕೇಳಿಸಿತು. ಹೇಗಿದ್ದೀಯ ಎಂದು ಕೇಳಲಿಲ್ಲ, ಏನಾಯಿತು ಎಂದು ಕೇಳಲಿಲ್ಲ. ಮುಖ್ಯಸ್ಥನಾದರೂ ಎದುರಿಗೆ ನಿಂತು ಪುಸ್ತಕ ತೋರಿಸಿದ. ನೀನು ಹೆಂಡತಿಯ ಬಾಯಲ್ಲಿ ಹೇಳಿಸಿದೆ.

ನಿನಗೆ ಒಂಬತ್ತು ವರ್ಷವಿದ್ದಾಗ, ಅಪ್ಪ ಬೋನು ಒಡ್ಡುತ್ತಿದ್ದ ಕಾಡುದಾರಿಯಲ್ಲಿ ಮೂಸ್ ಹೊಡೆದದ್ದು ಮರೆತೆಯಾ? ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ನಿನಗೆ ಕುರುಬನ ಪಾತ್ರ. ಹೊತ್ತಾಗುತ್ತದೆ, ನಾಳೆ ಬಂದು ಕೊಯ್ಯೋಣ ಎಂದು ನೀನು ಕಾಲು ನೆಲಕ್ಕೆ ಬಡಿದು ಅತ್ತೆ. ಅಪ್ಪ ಬೈಯಲಿಲ್ಲ. "ಕೊಂದಾದ ಮೇಲೆ ನಮಗೆ ಅವಸರ ಅನ್ನೋದಿಲ್ಲ ಮಗಾ" ಎಂದು ನಿನ್ನ ಕೈಗೆ ಚಾಕು ಕೊಟ್ಟ. ನಾಟಕ ಕುರುಬನಿಲ್ಲದೆ ಮುಗಿಯಿತು. ಆ ಮಾತನ್ನು ಅಪ್ಪ ಹೇಳಿದ್ದು ನಿನಗೆ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡವಳು. ಆ ಪರ್ವತದ ಕೆಳಗೆ ನನ್ನ ಜಾಗದಲ್ಲಿ ನೀನಿದ್ದಿದ್ದರೆ ಕರುಳು ತೆಗೆದು ಹೊರಟುಬಿಡುತ್ತಿದ್ದೆಯಾ? ನನಗೆ ಉತ್ತರ ಬರೆಯಬೇಡ. ನಿನಗೆ ನೀನೇ ಹೇಳಿಕೋ.

ಇಷ್ಟು ಬರೆದ ಮೇಲೆ ಎದೆ ಸ್ವಲ್ಪ ಹಗುರವಾಯಿತು. ರೊಸಾಲಿಗೂ ಮಕ್ಕಳಿಗೂ ಚಿಕ್ಕಮ್ಮನ ಮುತ್ತುಗಳು. ನಿನ್ನ ಪಾಲಿನದೂ ಇದೆ, ನನ್ನ ಸಿಟ್ಟು ಇಳಿದ ಮೇಲೆ ತಲುಪಿಸುತ್ತೇನೆ. ನಿನ್ನ ಬೆನ್ನನ್ನು ದೇವರು ನೋಡಿಕೊಳ್ಳಲಿ, ನೀನಂತೂ ನೋಡಿಕೊಳ್ಳುವುದಿಲ್ಲ.

ನಿನ್ನ ಅಕ್ಕ,
ಅಲ್ಬರ್ಟಾ

ಮರೆತಿದ್ದೆ: ಟಪಾಲಿನ ವಿಮಾನ ಇಳಿಯುತ್ತಿದೆ, ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಕೈ ಹಿಡಿದು ಆಡಿದ ಮಾತು ಮಾತೇ. ಕೊನೆಯವರೆಗೂ ಓಡಿಸಲಿಲ್ಲ, ನಾಯಿಗಳನ್ನು ಕೊಡುತ್ತೇನೆ, ಅದರ ಬಗ್ಗೆ ಇನ್ನು ಒಂದಕ್ಷರವೂ ಎತ್ತುವುದಿಲ್ಲ. ಆದರೆ ನಾನು ಒಂದು ಸರಪಳಿಯನ್ನೂ ಬಿಚ್ಚುವುದಿಲ್ಲ, ಕಂಪನಿಯವನ ಕೈ ಸೋಕಲೂ ಬಿಡುವುದಿಲ್ಲ. ಕೊಡುವವನು ನೀನು. ಒಂದನೇ ತಾರೀಕು ನೀನೇ ಬಂದು, ಒಂದೊಂದನ್ನೂ ಹೆಸರು ಹಿಡಿದು ಕರೆದು, ನಿನ್ನ ಕೈಯಿಂದಲೇ ಬಿಚ್ಚಿ ವಿಮಾನ ಹತ್ತಿಸು. ಹದಿನಾಲ್ಕು ಹೆಸರುಗಳು. ನೆನಪಿಲ್ಲದಿದ್ದರೆ ಒಂದು ದಿನ ಮೊದಲೇ ಬಾ.