ಮೂರು ಮಾರು ಮುಗಿದ ಮೇಲೆ

ಅಪ್ಪಾ,

ಟೂರಿಸ್ಟ್‌ಗಳ ಸ್ನಾನದ ತೊಟ್ಟಿ ಅಂತ ನೀನು ಎಷ್ಟು ಬೈದ್ರೂ ನಾನು ಆ ಪ್ಲಾಸ್ಟಿಕ್ ಕಯಾಕ್ ದೋಣೀಲೇ ಸಮುದ್ರಕ್ಕೆ ಹೋಗೋದು. ಅದು ನನಗೆ ಸರಿಯಾಗಿ ಕೂರುತ್ತೆ, ಟೆಂಟೂ ಒಲೇನೂ ಹಿಡಿಯುತ್ತೆ.

ನೀನು ಚಳಿಗಾಲ ಪೂರ್ತಿ ಕೂತು ನನಗೆ ಅಂತ ಮಾಡಿದ ಸೀಲ್ ಚರ್ಮದ ಕಯಾಕ್ ಚೆನ್ನಾಗೇ ಇದೆ. ಆದ್ರೆ ಸೊಂಟದ ಹತ್ರ ಸಡಿಲ ಅಂತ ನಾನಂದ್ರೆ, "ಸಾರಂಗದ ಚರ್ಮ ತುರುಕ್ಕೊಳೋ, ಮದುಮಗಳ ಥರ ಗೊಣಗ್ಬೇಡ" ಅಂತ ನೀನು ನಕ್ಕೆ. ತೆರೆದ ಸಮುದ್ರದಲ್ಲಿ ಮಗುಚಿದ್ರೆ, ಸೊಂಟ ಬಿಗಿಯಾಗಿಲ್ದೆ ಮೇಲೆ ಏಳಕ್ಕಾಗಲ್ಲ ಅಂತ ಕಲಿಸಿದ್ದು ನೀನೇ.

ನಿನ್ನೆ ನಾನೇ ಅಳೆದೆ. ಕಯಾಕಿನ ಉದ್ದ ಅಂದ್ರೆ ಅದರಲ್ಲಿ ಕೂರೋನ ಕೈಯಲ್ಲಿ ಮೂರು ಮಾರು ತಾನೆ? ನನ್ನ ಮೂರು ಮಾರು ಮುಗಿದ ಮೇಲೂ ಒಂದು ಮೊಳ ಮಿಕ್ತು. ನೀನು ಒಂದು ಸಲಾನೂ ನನ್ನ ಕರೆದು ಕೈ ಚಾಚು ಅನ್ಲಿಲ್ಲ. ನಿನ್ನ ಕೈಗೆ ನೆನಪಿದ್ದಿದ್ದು ಊಯೂಟ್ ಅಣ್ಣನ ಅಳತೆ.

ಅವನು ಸತ್ತು ನಾಲ್ಕು ಬೇಸಿಗೆ ಆಯ್ತು ಅಪ್ಪಾ. ಅವನ ಕೋಟು ಹಾಕ್ಕೊಂಡೆ, ಅವನ ನಾಯಿಗಳನ್ನ ಸಾಕಿದೆ. ಅವನಷ್ಟು ಉದ್ದ ಬೆಳೆಯೋಕೆ ನನ್ನ ಕೈಲಾಗಲ್ಲ. ಸಾಕಾಗಿದೆ.

ಚರ್ಮದ ಕಯಾಕನ್ನ ಅಟ್ಟಣೆ ಮೇಲೆ ಎತ್ತಿ ಕಟ್ಟಿದೀನಿ, ಇಲ್ದಿದ್ರೆ ನಾಯಿಗಳು ತಿಂದಾವು. ಅವಕ್ಕೆ ಒಣಮೀನು ಹಾಕು. ಎರಡು ವಾರಕ್ಕೆ ಬರ್ತೀನಿ. ಬಂದ್ಮೇಲೆ ನನ್ನನ್ನೇ ಎದುರಿಗೆ ನಿಲ್ಲಿಸ್ಕೊಂಡು ಅಳತೆ ತಗೋ.

ನೀನು ಮೀನು ಹಿಡಿದು ಬರೋ ತನಕ ಕಾದ್ರೆ ಗಾಳಿ ಏಳುತ್ತೆ. ಕಾಫಿ ಒಲೆ ಮೇಲಿದೆ, ಬಾಗಿಲು ಹಾಕ್ಕೊಂಡು ಹೊರಟೆ.

ನಿನ್ನ ಚಿಕ್ಕ ಮಗ,
ಮಿನಿಕ್