ಗಿರಣಿ ಮುದುಕ ಆಡಿದ ಮಾತು

ಕುದೂರು
10-6-2025, ಮಂಗಳವಾರ

ಪ್ರೀತಿಯ ಪ್ರತಿಮಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ದಿವ್ಯ ಮಾಡುವ ನಮಸ್ಕಾರ. ಮಂಡಿನೋವು ಈಗ ಹೇಗಿದೆ? ಹೋದ ಸಲ ಫೋನಿನಲ್ಲಿ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೇನೆ ಎಂದಿರಿ, ಅದರಿಂದ ಒಸಿಯಾದರೂ ಕಡಿಮೆಯಾಯಿತೇ? ನಿಮ್ಮ ಯಜಮಾನರು ರಿಟೈರಾದ ಮೇಲೆ ಸಕ್ಕರೆ ಕಾಯಿಲೆ ಮರೆತು ಬೇಕರಿಗೆ ಹೋಗುತ್ತಾರೆಂದು ನಗುತ್ತಿದ್ದಿರಿ, ಅವರ ಮೇಲೆ ಒಂದು ಕಣ್ಣಿಡಿ. ಹಿರಿಯೂರಿಗೆ ಮಳೆ ಬಂತೋ ಇಲ್ಲವೋ. ಇಲ್ಲಿ ಎರಡು ಹದ ಮಳೆಯಾಗಿದೆ. ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಬಿಪಿ ಹತೋಟಿಯಲ್ಲಿದೆ, ಹಲ್ಲು ಮಾತ್ರ ಇನ್ನೊಂದು ಹೋಯಿತು. ನಿಮ್ಮ ತಮ್ಮ ಎಂದಿನಂತೆ ಬೆಳಿಗ್ಗೆ ನಾಲ್ಕಕ್ಕೆ ಹಾಲಿನ ವ್ಯಾನ್ ತೆಗೆದುಕೊಂಡು ಹೋದರೆ ಮನೆಗೆ ಬರುವುದು ಸಂಜೆಗೆ.

ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಹಜಾರದಲ್ಲಿ ಮಾವನ ಕುರ್ಚಿಯ ಪಕ್ಕ ಮಾತ್ರ. ಇಪ್ಪತ್ತು ವರ್ಷ ಸಿನಿಮಾ ಪ್ರೊಜೆಕ್ಟರ್ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಕಿವಿ ಮಂದವಾಗಬೇಕಿತ್ತು. ಇವರಿಗೆ ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೂ ಕೇಳುತ್ತದೆ. ವಾಟ್ಸಪ್ ಮಾಡೋಣವೆಂದರೆ ನಿಮ್ಮ ಫೋನು ಮೊದಲು ಮಕ್ಕಳ ಕೈಯಲ್ಲಿರುತ್ತದೆ, ಅವರು ಅದೇ ಗಳಿಗೆಯಲ್ಲಿ ತಾತನಿಗೆ ಫೋನ್ ಮಾಡಿ ಹೇಳಿಬಿಡುತ್ತಾರೆ. ಹಾಗಾಗಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಲ್ಲಿನ ತಪ್ಪು.

ಅಕ್ಕ, ನನಗೆ ಕೆಲಸ ಸಿಕ್ಕಿದೆ. ಕನಕಪುರದ ಹತ್ತಿರ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಮದುವೆಗೆ ಮುಂಚೆ ಬಿ.ಎಡ್ ಮುಗಿಸಿ, ಮದುವೆಯಾದ ಮೇಲೆ ಅಡುಗೆಮನೆಯ ದೀಪದಲ್ಲಿ ಓದಿ ಪರೀಕ್ಷೆ ಬರೆದಿದ್ದೆನಲ್ಲ, ಅದು. ಅಲ್ಲೇ ಕ್ವಾರ್ಟರ್ಸಿನಲ್ಲಿ ಇರಬೇಕು, ಶನಿವಾರ ಸಂಜೆ ಬಂದು ಭಾನುವಾರ ಸಂಜೆ ವಾಪಸು. ಬರುವ ಸೋಮವಾರ ಹದಿನಾರನೇ ತಾರೀಕಿನೊಳಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ನನ್ನ ಹಿಂದಿರುವವರಿಗೆ ಹೋಗುತ್ತದೆ. ಆರ್ಡರ್ ಬಂದು ವಾರವಾಯಿತು. ಪೋಸ್ಟ್‌ಮ್ಯಾನ್ ಬಂದಾಗ ಮಾವ ಸ್ನಾನಕ್ಕೆ ಹೋಗಿದ್ದರು. ಆರ್ಡರನ್ನು ಮಾವನ ಸಿನಿಮಾ ಡಿಸ್ಕುಗಳಲ್ಲಿ ಓಡದೆ ಕೆಟ್ಟಿರುವ ಒಂದರ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಕಳ್ಳಮಾಲು ಇಟ್ಟವಳ ಹಾಗೆ ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತೇನೆ.

ಡಿಸ್ಕ್ ಎಂದರೆ ನಿಮಗೆ ಗೊತ್ತು, ಆದರೆ ಎಷ್ಟಾಗಿವೆ ಎಂದು ಗೊತ್ತಿರಲಿಕ್ಕಿಲ್ಲ. ನೀವು ಈ ಕಡೆ ಬಂದು ಎರಡು ವರ್ಷವಾಯಿತಲ್ಲ. ಅತ್ತೆ ಹೋದ ಮೇಲೆ ಖಾಲಿಯಾದ ಅವರ ಸೀರೆ ಬೀರುವಿನಲ್ಲಿ ಈಗ ನೂರ ಮೂವತ್ತೊಂದು ಇವೆ. ಫ್ರಾನ್ಸ್, ಇಟಲಿ, ಸ್ವೀಡನ್, ಪೋಲೆಂಡ್, ಎಲ್ಲ ಹಳೆಯ ಕಪ್ಪು ಬಿಳುಪಿನವು. ಚನ್ನಪಟ್ಟಣದ ಸಮದ್ ಸಾಹೇಬರು ಬೆಂಗಳೂರಿನ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಿ ತರುತ್ತಾರೆ. ಯಾವ ದೇಶದ ಡಿಸ್ಕ್ ಹಾಕಿದರೂ ಓಡುವ ಹಾಗೆ ಪ್ಲೇಯರನ್ನು ತಿದ್ದಿಕೊಟ್ಟವರೂ ಅವರೇ. ಪ್ರತಿ ಡಬ್ಬಿಗೂ ಕನ್ನಡದಲ್ಲಿ ನಂಬರ್, ಬೀರುವಿನಲ್ಲಿ ಬೇವಿನ ಸೊಪ್ಪು, ಡಿಸ್ಕನ್ನು ಅಂಚಿನಲ್ಲಿ ಹಿಡಿಯಬೇಕು, ಹೊಳೆಯುವ ಕಡೆ ಬೆರಳು ತಾಗಿದರೆ ಆ ದಿನ ಮನೆಯಲ್ಲಿ ಮಾತಿಲ್ಲ. ಅಪರೂಪದ್ದಾದರೆ ಎರಡೆರಡು ಕಾಪಿ. ಒಂದು ನೋಡಲು, ಇನ್ನೊಂದು ಪ್ಲಾಸ್ಟಿಕ್ ಹರಿಯದೆ ಹಾಗೇ ಇಡಲು. ಹರಿದರೆ ಅದರ ಮರ್ಯಾದೆ ಹೋಯಿತಂತೆ. ಇವುಗಳಲ್ಲಿ ನಾನು ಯಾವ ಕಾಪಿ ಎಂದು ಬೀರು ಒರೆಸುವಾಗ ಯೋಚಿಸುತ್ತೇನೆ.

ಈ ಹುಚ್ಚು ಯಾಕೆ ಹತ್ತಿತು ಎನ್ನುವುದನ್ನು ಮಾವ ನನಗೆ ಹೇಳಿದ್ದಾರೆ, ಅದಕ್ಕೇ ಅವರ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳಲು ನನ್ನ ಕೈಲಾಗುವುದಿಲ್ಲ. ಕುದೂರು, ತಿಪ್ಪಸಂದ್ರದ ಸಿನಿಮಾ ಟೆಂಟುಗಳಲ್ಲಿ ಆಪರೇಟರ್ ಆಗಿದ್ದವರು, ಆಮೇಲೆ ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಗೆ ಕೆಲಸಕ್ಕೆ ಹೋಗುತ್ತಿದ್ದರಲ್ಲ. ಅಲ್ಲಿ ಓಡುತ್ತಿದ್ದುದೆಲ್ಲ ಯುರೋಪಿನ ಚಿತ್ರಗಳು. ಕೆಳಗೆ ಕೂತವರು ತೆರೆಯಡಿ ಬರುವ ಇಂಗ್ಲಿಷ್ ಅಕ್ಷರ ಓದಿಕೊಂಡು ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಇವರು ಕ್ಯಾಬಿನ್ನಿನ ಕಿಂಡಿಯಲ್ಲಿ ನಿಂತು ರೀಲು ಮುಗಿಯಿತೆಂದು ತೆರೆಯ ಮೂಲೆಯಲ್ಲಿ ಮಿನುಗುವ ಚುಕ್ಕಿ ಕಾಯುತ್ತಿದ್ದರು. "ಇಪ್ಪತ್ ವರ್ಸ ಬೆಳಕು ಬುಟ್ಟೆ ಕಣವ್ವ, ಅವ್ರು ಏನ್ ಮಾತಾಡ್ಕತಾವ್ರೆ ಅಂತ ಒಂದಿನ ಗೊತ್ತಾಗ್ನಿಲ್ಲ" ಎಂದರು. ನಾನು ಈ ಮನೆಗೆ ಬಂದ ಮೊದಲ ತಿಂಗಳು ಅದು. ಎಂ.ಎ ಇಂಗ್ಲಿಷ್ ಓದಿದ ಸೊಸೆ, ಸುಮ್ಮನಿರಲಾರದೆ, ನಾನು ಓದಿ ಹೇಳುತ್ತೇನೆ ಮಾವ ಎಂದೆ. ನಾನೇ ತೋಡಿಕೊಂಡ ಹಳ್ಳ.

ಅಂದಿನಿಂದ ಮೂರೂವರೆ ವರ್ಷ, ದಿನಾ ಮಧ್ಯಾಹ್ನ ಊಟವಾದ ಮೇಲೆ ಎರಡರಿಂದ ನಾಲ್ಕು. ತೆರೆಯ ಮೇಲೆ ಗಂಡಸು ಬರಲಿ, ಹೆಂಗಸು ಬರಲಿ, ಪಾದ್ರಿ ಬರಲಿ, ಕಳ್ಳ ಬರಲಿ, ಎಲ್ಲರ ಮಾತೂ ನನ್ನ ಬಾಯಲ್ಲಿ. ನೆಗಡಿಯಾದರೆ ಇಡೀ ಯುರೋಪಿಗೆ ನೆಗಡಿ. ತವರಿಗೆ ಅಂತ ಮಾಗಡಿಗೆ ಮೂರು ದಿನ ಹೋಗಿ ಬಂದರೆ, ಟೀವಿಯ ಮೇಲೆ ಪಂಚೆ ಮುಚ್ಚಿತ್ತು, ನಾನು ಹೋದ ದಿನ ಹಾಕಿದ್ದ ಡಿಸ್ಕ್ ಪ್ಲೇಯರಿನಲ್ಲೇ ಇತ್ತು. ನಿಮ್ಮ ತಮ್ಮ ಮಾಡಿಟ್ಟ ಮುದ್ದೆಯಲ್ಲಿ ಅರ್ಧ ತಿಂದು ಏಳುತ್ತಿದ್ದರಂತೆ. ಬೈಯಲಿಲ್ಲ, ದೂರಲಿಲ್ಲ. "ಅಸಿವಿರ್ನಿಲ್ಲ ಬುಡವ್ವ" ಎಂದರು. ಬೈದಿದ್ದರೆ ಇನ್ನೊಂದು ಸಲ ಹೋಗುವ ಧೈರ್ಯ ಬರುತ್ತಿತ್ತೇನೋ.

ಈಗ ನಿಮಗೆ ಒಂದು ತಪ್ಪು ಒಪ್ಪಿಸಬೇಕು. ಎಂಬತ್ತೇಳನೇ ನಂಬರಿನದು ಹಂಗೇರಿ ದೇಶದ ಚಿತ್ರ. ನದಿ ಪಕ್ಕ ಒಂದು ಹಿಟ್ಟಿನ ಗಿರಣಿ, ಅದರ ಮುದುಕ, ಅವನ ಒಬ್ಬನೇ ಮಗ, ಆ ಮಗನ ಹೆಂಡತಿ. ಮಾವ ಅದನ್ನು ಎಪ್ಪತ್ತೊಂಬತ್ತರಲ್ಲಿ ಒಂದೇ ಒಂದು ಸಲ ಓಡಿಸಿದ್ದರಂತೆ. ಆ ಹುಡುಗಿಯ ಮುಖ ಮರೆತಿಲ್ಲ, ಅವಳ ಕಷ್ಟ ಏನೆಂದು ತಿಳಿಯಲಿಲ್ಲ ಎನ್ನುತ್ತಿದ್ದರು. ಸಮದ್ ಸಾಹೇಬರು ಎರಡು ವರ್ಷ ಹುಡುಕಿ, ಯಾವುದೋ ವಿದೇಶದ ಲೈಬ್ರರಿಯ ಸೀಲಿದ್ದ ಕಾಪಿ ತಂದರು. ಮಾವ ಆ ದಿನ ತಲೆಗೆ ಸ್ನಾನ ಮಾಡಿ, ಒಗೆದ ಶರ್ಟು ಹಾಕಿ ಕೂತರು. ಡಿಸ್ಕ್ ಓಡಿತು. ಅಕ್ಷರಗಳೇ ಇಲ್ಲ. ಇಂಗ್ಲಿಷೂ ಇಲ್ಲ, ಏನೂ ಇಲ್ಲ. ಗಿರಣಿ ಮುದುಕ ಬಾಯಿ ತೆರೆದ, ಮಾವ ನನ್ನ ಕಡೆ ತಿರುಗಿದರು. ನಲವತ್ತು ವರ್ಷಕ್ಕೂ ಹೆಚ್ಚು ಕಾದವರ ಮುಖಕ್ಕೆ ಇದರಲ್ಲಿ ಇಲ್ಲ ಮಾವ ಎಂದು ಹೇಗೆ ಹೇಳಲಿ? ಬಾಯಿಗೆ ಬಂದದ್ದನ್ನು ಹೇಳುತ್ತ ಹೋದೆ.

ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರಲ್ಲ, ಆ ಚಿತ್ರವೇ ಅವರಿಗೆ ಪ್ರಾಣವಾಗಿ ಕೂತಿತು. ವಾರಕ್ಕೊಮ್ಮೆ ಆಗಲೇಬೇಕು. ಹೋದ ಸಲ ಏನು ಹೇಳಿದ್ದೆನೋ ಈ ಸಲವೂ ಅದೇ ಹೇಳಬೇಕು, ಇಲ್ಲವಾದರೆ "ವಾದ್ ಸಲ ಅಂಗನ್ನಿಲ್ವಲ್ಲ ಅವ್ಳು" ಎನ್ನುತ್ತಾರೆ. ಅದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟುಕೊಂಡು ಬಾಯಿಪಾಠ ಮಾಡಿದ್ದೇನೆ. ಕೊನೆಯಲ್ಲಿ ಆ ಸೊಸೆ ಮುದುಕನ ಎದುರು ನಿಂತು ಏನೋ ಕೇಳುತ್ತಾಳೆ, ಅವನು ಏನೋ ಹೇಳುತ್ತಾನೆ, ಅವಳು ಸೂಟ್‌ಕೇಸ್ ಹಿಡಿದು ಹೊರಟುಹೋಗುತ್ತಾಳೆ. ನಾಲ್ಕು ದಿನಕ್ಕೆ ತವರಿಗೆ ಹೋಗಿ ಬರುತ್ತಾಳೆ ಮಾವ ಎಂದು ಹೇಳಿದ್ದೆ. ಬಿಸಿ ತುಪ್ಪ ಅಕ್ಕ, ನುಂಗುವಂತಿಲ್ಲ, ಉಗುಳುವಂತಿಲ್ಲ. ಉಳಿದ ಚಿತ್ರಗಳನ್ನು ಬೇರೆ ಯಾರಾದರೂ ಓದಿ ಹೇಳಬಹುದು. ಇದನ್ನು ನಾನಲ್ಲದೆ ಯಾರೂ ಓದಲಾರರು, ಯಾಕೆಂದರೆ ಅಲ್ಲಿ ಓದಲು ಏನೂ ಇಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬರು ಬಂದು ಕೂತ ದಿನ ನಾನು ಸುಳ್ಳಿ.

ಆರ್ಡರ್ ಬಂದ ರಾತ್ರಿ ನಿಮ್ಮ ತಮ್ಮನಿಗೆ ಹೇಳಿದೆ. ಖುಷಿಪಟ್ಟರು, ಸುಳ್ಳು ಹೇಳುವುದಿಲ್ಲ. ಆಮೇಲೆ, "ಅಪ್ಪ ಊಂ ಅಂದ್ರೆ ನಂದೇನೈತೆ, ಓಗು" ಎಂದರು. ನೀವೇ ಕೇಳಿ ಎಂದರೆ, "ನಂಗಾಗಕಿಲ್ಲ ಕಣೆ, ನೀನೇ ಕೇಳು, ನಿನ್ ಮಾತು ಕೇಳ್ತಾರೆ." ನೀವೂ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತೀರಿ, "ನೀನಿರದ್ರಿಂದ ನಾನು ನೆಮ್ಮದಿಯಾಗಿವ್ನಿ ಕಣೆ ದಿವ್ಯ" ಅಂತ. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಬೇಸರ ಮಾಡಿಕೊಳ್ಳಬೇಡಿ, ಆ ಮಾತು ಕೇಳಿದಾಗೆಲ್ಲ ಬಾಗಿಲಿಗೆ ಇನ್ನೊಂದು ಅಗುಳಿ ಬಿದ್ದ ಹಾಗಾಗುತ್ತದೆ. ಈ ಮನೆಯಲ್ಲಿ ಯಾರೂ ನನಗೆ ಬೇಡ ಎಂದಿಲ್ಲ. ಒಬ್ಬರಾದರೂ ಎಂದಿದ್ದರೆ ಜಗಳವಾಡಿ ಹೋಗುತ್ತಿದ್ದೆ. ಎಲ್ಲರೂ ಒಳ್ಳೆಯವರಾದರೆ ಯಾರ ಜೊತೆ ಜಗಳವಾಡುವುದು? ನನಗೆ ಉಸಿರು ಕಟ್ಟುತ್ತಿದೆ.

ಹೋದ ಗುರುವಾರ ಮಾವ ಎಂಬತ್ತೇಳು ಹಾಕು ಎಂದರು. ಸೊಸೆ ಮುದುಕನ ಎದುರು ಬಂದು ನಿಂತಳು. ನೋಟ್‌ಬುಕ್ಕಿನಲ್ಲಿದ್ದ ಮಾತು ಬಿಟ್ಟು ನನ್ನ ಬಾಯಿಂದ, "ಮಾವ, ನನಗೆ ಕೆಲಸ ಸಿಕ್ಕಿದೆ, ಹೋಗಲೇ?" ಎಂದು ಬಂದುಬಿಟ್ಟಿತು. ಯೋಚಿಸಿ ಹೇಳಿದ್ದಲ್ಲ. ಆಮೇಲೆ ಗೊತ್ತಾಯಿತು, ಮುದುಕನ ಉತ್ತರವನ್ನೂ ನಾನೇ ಹೇಳಬೇಕು. ಹೋಗು ತಾಯಿ ಎಂದರೆ ಮುಗಿಯುತ್ತಿತ್ತು. ಯಾರು ತಡೆಯುತ್ತಿದ್ದರು? ಅಕ್ಕ, ನಾನು ಹೇಳಿದ್ದು ಏನು ಗೊತ್ತೇ? "ಈ ವಯಸ್ಸಿನಲ್ಲಿ ನನ್ನನ್ನು ಬಿಟ್ಟು ಎಲ್ಲಿಗೆ ಹೋಗುತ್ತೀಯ, ನಿನಗೆ ಇಲ್ಲಿ ಏನು ಕಡಿಮೆಯಾಗಿದೆ, ಸುಮ್ಮನೆ ಒಳಗೆ ನಡೆ" ಎಂದು ಉದ್ದಕ್ಕೆ ಹೇಳಿದೆ. ಯಾರೂ ನನಗೆ ಹಾಕದ ಬೀಗವನ್ನು ನಾನೇ ಹಾಕಿಕೊಂಡೆ. ಅಷ್ಟರಲ್ಲಿ ಅವಳು ಸೂಟ್‌ಕೇಸಿಗೆ ಕೈಹಾಕಿದಳು. ಬೇಡವೆಂದ ಮೇಲೂ ಹೊರಟಳಲ್ಲ, ಇದನ್ನು ಹೇಗೆ ವಿವರಿಸಲಿ? ರಿಮೋಟ್ ಒತ್ತಿ ನಿಲ್ಲಿಸಿ, ಡಿಸ್ಕ್ ಸಿಕ್ಕಿಕೊಂಡಿತು ಮಾವ ಎಂದೆ.

ಹೋದ ಸಲ ಹಾಗನ್ನಲಿಲ್ಲವಲ್ಲ ಎಂದು ಅವರು ಕೇಳಲಿಲ್ಲ. "ಆವಯ್ಯ ಒಂದೇ ಒಂದ್ ಮಾತಾಡ್ದ ಕಣವ್ವ. ನೀನು ಅಷ್ಟುದ್ದ ಹೇಳ್ದೆ" ಎಂದರು, ಅಷ್ಟೇ. ಶುಕ್ರವಾರವೂ ಎಂಬತ್ತೇಳೇ ಬೇಕೆಂದರು. ಶನಿವಾರ, ಭಾನುವಾರ, ನಿನ್ನೆ, ಎಲ್ಲ ದಿನ ಅದೇ. ದಿನಾ ಅವಳು ಕೇಳುತ್ತಾಳೆ, ದಿನಾ ಮುದುಕ ಬೇಡ ಎನ್ನುತ್ತಾನೆ, ದಿನಾ ನಾನು ಅದೇ ಜಾಗದಲ್ಲಿ ನಿಲ್ಲಿಸುತ್ತೇನೆ. ಮಾವ ನನ್ನ ಮುಖ ನೋಡುತ್ತಾರೆ, ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗುತ್ತಾರೆ. ಅವರಿಗೆ ಎಲ್ಲ ಗೊತ್ತಿದೆಯೋ, ಏನೂ ಗೊತ್ತಿಲ್ಲವೋ, ನನ್ನನ್ನು ಆಟ ಆಡಿಸುತ್ತಿದ್ದಾರೋ, ನನಗೆ ತಿಳಿಯುತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಬೆಳಿಗ್ಗೆ ಶಾಲೆಗೆ ಒಂದು ಕಾಗದ ಬರೆದೆ, ಮನೆಯ ಪರಿಸ್ಥಿತಿಯಿಂದ ಹಾಜರಾಗಲು ಆಗುವುದಿಲ್ಲ ಎಂದು. ಸಂಜೆ ನಿಮ್ಮ ಕಾಗದ, ಅವರ ಕಾಗದ, ಎರಡನ್ನೂ ಒಟ್ಟಿಗೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ನಿಮ್ಮಿಂದ ಏನೂ ಬೇಡ. ಒಬ್ಬರಿಗಾದರೂ ಗೊತ್ತಿರಲಿ ಎಂದು ಬರೆದೆ. ಭಾನುವಾರ ಫೋನ್ ಮಾಡಿದಾಗ ಈ ವಿಷಯ ಎತ್ತಬೇಡಿ, ನಾನು ಕೋಲೆ ಬಸವನ ಹಾಗೆ ಹೂಂ ಹೂಂ ಎನ್ನುತ್ತೇನೆ.

ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸಿ. ಮಕ್ಕಳಿಬ್ಬರಿಗೂ ನನ್ನ ಪ್ರೀತಿ. ಮಂಡಿಗೆ ಬಿಸಿನೀರು ಹಾಕುವುದನ್ನು ನಿಲ್ಲಿಸಬೇಡಿ, ತಣ್ಣೀರಲ್ಲಿ ಪಾತ್ರೆ ತೊಳೆಯುತ್ತ ನಿಲ್ಲಬೇಡಿ. ದೇವರು ನಿಮ್ಮೆಲ್ಲರನ್ನೂ ಆರೋಗ್ಯವಾಗಿಟ್ಟಿರಲಿ.

ನಿಮ್ಮ,
ದಿವ್ಯ

ವಿ.ಸೂ: ಅಕ್ಕ, ಕವರಿಗೆ ಅಂಟು ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಪೋಸ್ಟಾಫೀಸು ಮುಚ್ಚಲು ಅರ್ಧ ಗಂಟೆಯಿದೆ. ಇವತ್ತು ಮಧ್ಯಾಹ್ನ ಮಾವ ಮತ್ತೆ ಎಂಬತ್ತೇಳು ಹಾಕಿಸಿದರು. ರಿಮೋಟನ್ನು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಮುದುಕ ಬಾಯಿ ತೆರೆದಾಗ ನಾನು ಏನೂ ಹೇಳಲಿಲ್ಲ. ಚಿತ್ರ ನಿಲ್ಲಲಿಲ್ಲ. ಅವಳು ಸೂಟ್‌ಕೇಸ್ ತೆಗೆದುಕೊಂಡು ಗಿರಣಿ ಬಾಗಿಲು ದಾಟಿ ರಸ್ತೆಗೆ ಇಳಿದಳು. ಮಾವ ತೆರೆಯನ್ನೇ ನೋಡುತ್ತ, "ಎಲ್ಲಿಗವ್ವ ಓಯ್ತಾವ್ಳೆ?" ಎಂದರು. ಕನಕಪುರಕ್ಕೆ ಮಾವ ಎಂದೆ. ಚಿತ್ರ ಮುಗಿಯಿತು. ಆಮೇಲೆ, "ಮತ್ತೆ ಆ ಮುದುಕುಂಗೆ ಇಟ್ಟು ಇಕ್ಕೋರ್ಯಾರು?" ಎಂದು ಕೇಳಿದರು. ಅವನ ಮಗಳು ಬರುತ್ತಾಳೆ ಮಾವ, ಭಾನುವಾರ, ಎಂದುಬಿಟ್ಟೆ. ನಿಮ್ಮನ್ನು ಕೇಳದೆ ಹೇಳಿದ್ದಕ್ಕೆ ಕ್ಷಮಿಸಿ. ಮಾವ ಹೂಂ ಎಂದು ಎದ್ದು, ಡಿಸ್ಕ್ ತೆಗೆದು ಡಬ್ಬಿಗೆ ಹಾಕಿದರು. ಶಾಲೆಗೆ ಬರೆದಿದ್ದನ್ನು ಒಲೆಗೆ ಹಾಕಿದ್ದೇನೆ. ಆ ಚಿತ್ರದಲ್ಲಿ ಮುದುಕನಿಗೆ ಮಗಳಿಲ್ಲ, ಅದು ಅವರಿಗೂ ಗೊತ್ತು. ಬನ್ನಿ ಅಕ್ಕ.