ಕೆಳಬಾಗಿಲಿನ ಹಾಳೆಗೆ ಒಂದು ಮುಖ

ರುಸೆ, ಸೆಪ್ಟೆಂಬರ್ 21, ಶನಿವಾರ

ಹೊಸ ಫೋನುಗಳ ವಿಮರ್ಶೆ ನಾಳೆ ಕಳಿಸಬೇಕು, ಒಂದು ಸಾಲೂ ಬರೆದಿಲ್ಲ. ವಾರದಿಂದ ಮೂರು ಫೋನು ಹೊತ್ತು ತಿರುಗಿ ಸಾಕಾಗಿದೆ. ಮೂರೂ ಒಂದೇ ಥರ ಹೊಳೆಯುತ್ತವೆ, ಸಂಜೆಗೆ ಮೂರೂ ನನ್ನಂತೆಯೇ ಸುಸ್ತಾಗುತ್ತವೆ.

ಕ್ಯಾಮೆರಾ ಹೋಲಿಸಲೆಂದು, ಬಾಲ್ಕನಿಯಲ್ಲಿ ಚಳಿಗಾಲಕ್ಕೆ ಕೂಡಿಡಲು ಕೆಂಪು ದೊಣ್ಣೆಮೆಣಸು ಸುಡುತ್ತಿದ್ದ ಅಮ್ಮನ ಫೋಟೋ ತೆಗೆಯಲು ಹೋದೆ. ಮಸಿಗೈ ಒರೆಸಿಕೊಂಡು ನೆಟ್ಟಗೆ ಕೂತಳು.

"ಚೆನ್ನಾಗಿ ತೆಗಿಯಮ್ಮಾ. ನಾನು ಸತ್ತಾಗ ಕಟ್ಟಡದ ಕೆಳಬಾಗಿಲಿಗೆ ಅಂಟಿಸೋ ಸಾವಿನ ಸುದ್ದಿ ಹಾಳೆಗೆ ಬೇಕಾಗತ್ತೆ."

"ಬಿಡ್ತು ಅನ್ನು!"

"ಯಾಕೆ? ಮೂರನೇ ಮಹಡಿ ಡೊಬ್ರಿಂಕಾದು ನೋಡಿದ್ಯಲ್ಲ. ಮಕ್ಕಳು ಅವಳ ಮದುವೆ ಫೋಟೋ ಹಾಕಿಬಿಟ್ರು. ಅಯ್ಯೋ, ಇಷ್ಟು ಚಿಕ್ಕ ಹುಡುಗಿ ಹೋದಳಾ ಅಂತ ಅಂಚೆಯವನು ಅತ್ತೇಬಿಟ್ಟ."

ಮೊದಲ ಫೋನು ಅವಳ ಸುಕ್ಕುಗಳಿಗೆಲ್ಲ ಇಸ್ತ್ರಿ ಹಾಕಿತ್ತು. "ಇವಳ್ಯಾರು? ಇದನ್ನ ಅಂಟಿಸಿದ್ರೆ ನನ್ನ ಮಣ್ಣಿಗೆ ಒಬ್ರೂ ಬರಲ್ಲ" ಎಂದಳು. ಎರಡನೆಯದರಲ್ಲಿ ಮುಖ ಕಿತ್ತಳೆ ಹಣ್ಣು. ಮೂರನೆಯದು ಅಗ್ಗದ್ದು, ಅದಕ್ಕೆ ನಿನ್ನೆಯೇ ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಅದರಲ್ಲಿ ಹೊಗೆಗೆ ಕೆಂಪಾದ ಕಣ್ಣು, ಗಲ್ಲದ ಮಚ್ಚೆ, ಅಪ್ಪ ಹೋದ ಮೇಲೆ ಬಾಯಿಯ ಪಕ್ಕ ಮೂಡಿದ ಎರಡು ಗೆರೆ, ಎಲ್ಲ ಇದ್ದವು. ಅಮ್ಮ ಬಹಳ ಹೊತ್ತು ನೋಡಿದಳು.

"ಇದೇ ನಾನು. ಎತ್ತಿಡು."

ಆ ಗೆರೆಗಳನ್ನು ನಾನು ಇವತ್ತೇ ನೋಡಿದ್ದು. ಎರಡು ವರ್ಷದಿಂದ ಎದುರೇ ಕೂತು ಊಟ ಮಾಡುತ್ತಿದ್ದೇನೆ.

ಸೋಮವಾರ ಫೋನುಗಳು ವಾಪಸ್ ಹೋಗುತ್ತವೆ. ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಯಾವ ಹೆಸರಿನಲ್ಲಿ ಉಳಿಸಲಿ ಎಂದು ಅದು ಕೇಳಿ ಅರ್ಧ ಗಂಟೆಯಾಯಿತು. ಇದು ಯಾತಕ್ಕೆಂದು ಬರೆಯಲು ಕೈ ಏಳುತ್ತಿಲ್ಲ. ಸದ್ಯಕ್ಕೆ 'ಅಮ್ಮ, ಶನಿವಾರ' ಎಂದಿರಲಿ. ಇನ್ನೂ ಎಷ್ಟೋ ಶನಿವಾರ ಬರಲಿ.